ಹಾನಸ

ಟೋಕನ್ ಹದಿನೇಳು.
ಬೆಂಚಿನ ಮೇಲೆ ಬನ್ನು ಕಚ್ಚುವ ಮಕ್ಕಳು,
ಫೈಲು ಎದೆಗವುಚಿಕೊಂಡ ತಾಯಂದಿರು.
ಅರಕಲಗೂಡಿನಿಂದ ಮೊದಲ ಬಸ್ಸಿಗೆ ಬಂದವಳು
ಸರಿದು ಜಾಗ ಕೊಟ್ಟು ಕೇಳಿದಳು:
‘ಮೊಮ್ಮಗ ಎಲ್ಲಿ ಯಜಮಾನ್ರೇ, ಹೊರಗೆ ಆಡ್ತಾವ್ನಾ?’
ನಾನು ನನ್ನ ಚೀಟಿಯನ್ನೇ ತೋರಿಸಿದೆ.
ವಯಸ್ಸು: ಅರವತ್ತೊಂದು.
ಅವಳಿಗೂ ಓದಲು ಬರುತ್ತಿರಲಿಲ್ಲವೋ ಏನೋ,
ಸುಮ್ಮನೆ ತಲೆ ಆಡಿಸಿದಳು.

ಮೂವತ್ನಾಲ್ಕು ವರ್ಷ ಡಿಪೋದಲ್ಲಿ ಮೆಕ್ಯಾನಿಕ್ಕು.
ಗೇಟಿಗೆ ಬರುವ ಮೊದಲೇ ಸದ್ದಿನಲ್ಲಿ ಹೇಳುತ್ತಿದ್ದೆ:
ಸಕಲೇಶಪುರದ ಗಾಡಿ, ಎರಡನೇ ಗೇರು ಕಚ್ಚುತ್ತಿಲ್ಲ.
ಆದರೆ ರಿಜಿಸ್ಟರು ಮುಂದಿಟ್ಟರೆ
ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿರುತ್ತಿದ್ದೆ.
ಕನ್ನಡಕದ ವಯಸ್ಸಿಗೆ ಮೊದಲು
ಕೈಗೆಲ್ಲ ಗ್ರೀಸು.
ಚಾರ್ಜ್‌ಮನ್ ಪರೀಕ್ಷೆಗೆ ಎರಡು ಸಲ ಹೆಸರು ಬಂತು,
ಎರಡು ಸಲವೂ ಸೊಂಟ ನೋವು.
ಎಷ್ಟು ಚೆನ್ನಾಗಿ ನಟಿಸಿದೆನೆಂದರೆ
ಕೊನೆಗೆ ಅದು ನಿಜವಾಗಿಯೇ ಬಂತು.

ರತ್ನಿಗೆ ಗೊತ್ತಿತ್ತು. ಮದುವೆಯಾದ ಏಳನೇ ದಿನವೇ.
ಏನೂ ಅನ್ನಲಿಲ್ಲ,
ಪೇಪರನ್ನು ಗಟ್ಟಿಯಾಗಿ ಓದುವ ರೂಢಿ ಮಾಡಿಕೊಂಡಳು
ತನಗೇ ಎಂಬಂತೆ, ಸೊಪ್ಪು ಬಿಡಿಸುತ್ತ.

ಒಳಗೆ ಫರ್ಹಾನಾ ಮೇಡಂ, ನನ್ನ ಕಿರಿಮಗಳಿಗಿಂತ ಚಿಕ್ಕವರು.
ಬಣ್ಣದ ಮರದ ತುಂಡು ಕೊಟ್ಟು ಚಿತ್ರದಂತೆ ಜೋಡಿಸಿ ಅಂದರು.
ಅವರು ಗಡಿಯಾರ ಒತ್ತುವಷ್ಟರಲ್ಲಿ
ಮುಗಿಸಿ ಕೈ ಕಟ್ಟಿ ಕೂತೆ.
ಆಮೇಲೆ ಪದಗಳ ಹಾಳೆ.
ಬ, ಭ ಒಂದೇ ಮನೆಯ ಅಣ್ಣತಮ್ಮ, ಯಾರು ಯಾರೋ.
ವಕ್ಕೆ ಬಾಲ ಬಂದರೆ ಮ, ಬಾಯಿ ಬಿಟ್ಟರೆ ಪ,
ನಾನು ನೋಡುವ ಹೊತ್ತಿಗೆ ಯಾವುದೂ ಸುಮ್ಮನೆ ನಿಲ್ಲದು.
‘ಊರಿನ ಹೆಸರು ಬರೀರಿ.’
ಬರೆದೆ.
ಹಾನಸ.

ಮೂರನೇ ಕ್ಲಾಸಿನಲ್ಲಿ ಅದನ್ನು ನೂರು ಸಲ ಬರೆಸಿದ್ದರು
ಬಿಸಿಲಲ್ಲಿ, ಮಂಡಿಯೂರಿಸಿ.
ನಲವತ್ತರ ತನಕ ಹಾಸನ ಹಾಸನವೇ ಆಗಿತ್ತು.
ಆಮೇಲೆ ಸ ಮತ್ತು ನ, ಯಾರೂ ಹೇಳದೆ,
ಕಿಟಕಿ ಸೀಟಿಗೆ ಜಾಗ ಬದಲಿಸುವ ಹುಡುಗರ ಹಾಗೆ
ಅದಲು ಬದಲು.
ಹಾನಸ ಅನ್ನುವ ಆ ಊರಲ್ಲಿ
ಅವತ್ತಿಂದ ನಾನೊಬ್ಬನೇ ವಾಸ.
ಅಲ್ಲಿ ಬಸ್ಸು ನಿಲ್ಲುವುದಿಲ್ಲ, ಪೋಸ್ಟು ಬರುವುದಿಲ್ಲ.

ಮೇಡಂ ಕೆಂಪು ಪೆನ್ನು ತೆಗೆಯಲಿಲ್ಲ.
‘ಈಗ ಯಾಕೆ ಬಂದ್ರಿ, ರಿಟೈರ್ ಆದ್ಮೇಲೆ?’
ಉತ್ತರವನ್ನು ಮನೆಯಿಂದಲೇ ಜೋಡಿಸಿಕೊಂಡು ಹೋಗಿದ್ದೆ,
ಮರೆತುಹೋಯಿತು.
‘ಗಾಡಿ ಸ್ಕ್ರ್ಯಾಪಿಗೆ ಹಾಕೋ ಮುಂಚೆನೂ
ಏನು ಕೆಟ್ಟಿತ್ತು ಅಂತ ಕಾರ್ಡಲ್ಲಿ ಬರೀತೀವಿ ಮೇಡಂ.’
‘ಕೆಟ್ಟಿರೋದಲ್ಲ,’ ಅಂದರು,
ಬರೆಯುತ್ತಿದ್ದ ತಲೆ ಎತ್ತದೆ.

ಹದಿನೈದು ದಿನಕ್ಕೆ ವರದಿ. ನಾಲ್ಕು ಪುಟ,
ಅಷ್ಟೂ ಇಂಗ್ಲಿಷು.
ಇಬ್ಬರಿಗೂ ನಗು ಬಂತು.
ಬಾಗಿಲು ಹಾಕಿ, ಕನ್ನಡದಲ್ಲಿ ಮೆಲ್ಲಗೆ ಹೇಳುತ್ತ
ನನ್ನ ಫೋನಿನಲ್ಲೇ ರೆಕಾರ್ಡು ಮಾಡಿಕೊಟ್ಟರು.
ಮನೆಯಲ್ಲಿ ರತ್ನಿ ಮೂರು ಸಲ ಕೇಳಿದಳು.
‘ದಡ್ಡ ಅಂತ ಎಲ್ಲೂ ಇಲ್ವಲ್ಲ,’ ಅಂದಳು, ಹುಡುಕಿದವಳ ಹಾಗೆ.
ಆಮೇಲೆ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದಳು,
ತೊಳೆದಿಟ್ಟದ್ದನ್ನೇ.

ಈಗ ಮಂಗಳವಾರ ನಾಲ್ಕಕ್ಕೆ ಅದೇ ರೂಮು.
ಅರಕಲಗೂಡಿನ ಚಿರಂತ್ ನನ್ನ ಕ್ಲಾಸ್‌ಮೇಟು.
ಒಂದು ಸಾಲು ಮಾತ್ರ ಕಾಣುವ ಹಾಗೆ
ರಟ್ಟಿನಲ್ಲಿ ಕಿಂಡಿ ಕೊರೆದು ಕೊಟ್ಟಿದ್ದರು ಮೇಡಂ;
ವಾರಕ್ಕೇ ಮೆತ್ತಗಾಯಿತು.
ಹಳೇ ಡಬ್ಬಿಯಲ್ಲಿ ಗ್ಯಾಸ್ಕೆಟ್ ಹಾಳೆ ಉಳಿದಿತ್ತು,
ಎಣ್ಣೆ ಕುಡಿದರೂ ಹರಿಯದ ಮಾಲು.
ಬ್ಲೇಡು ಸಾಣೆ ಹಿಡಿದು, ಅಳತೆ ಹಾಕಿ
ಹನ್ನೊಂದು ಕಿಂಡಿ ಕತ್ತರಿಸಿದೆ, ಬೆಂಚಿನ ಲೆಕ್ಕಕ್ಕೆ.

ಚಿರಂತ್ ಅದನ್ನು ಪುಸ್ತಕದ ಮೇಲಿಟ್ಟು,
ಮೂಗು ತೋಳಿಗೆ ಒರೆಸಿಕೊಂಡು,
ಬೆರಳಿಟ್ಟು ಓದಿದ:
‘ಹಾ... ನ... ಸ.’
ತಿದ್ದಲು ಬಾಯಿ ತೆರೆದೆ.
ನನಗೂ ಹಾಗೇ ಕಾಣುತ್ತಿತ್ತು.