ಫ್ಯಾನ್ ಬಂದ್

ಗದಗಿನ ಮೌನೇಶ ಪತ್ತಾರ ಅಂಗಡಿ ಮುಚ್ಚೂಮುಂದ
ಕೊಟ್ಟ ತಕ್ಕಡಿ; ಗುಲಗಂಜಿಗೂ ತಲಿ ಬಾಗಸತೈತಿ.
ಹಲಗಿ, ರೈಲ್ವೆ ವರ್ಕ್‌ಶಾಪಿನ ಹರಾಜಿಂದು, ಸಾಗವಾನಿ.
ರಸಮಟ್ಟ ಇಟ್ಟೆ. ಗುಳ್ಳಿ ಧಾರವಾಡದ ಕಡೆ ಜಾರಿತು.
ಒಂದು ಕಾಲಿನ ಬುಡಕ ನಮ್ಮದ ಲಗ್ನಪತ್ರಿಕಿ ಮಡಚಿಟ್ಟೆ,
ಈಗ ಸಮಾ.

ಹೋದ ವಾರ ಸಿಡದು ಖಾಲಿಯಾದ ಹಿತ್ತಾಳಿ ತೋಟಾ ಐವತ್ತು
ದೇವರ ಸಾಮಾನಿನ ಜೋಡಿನ ಹುಣಸಿಹುಳಿಯೊಳಗ ಮಿಂದು
ಬಿಸಿಲಿಗೆ ಕುಂತಾವ.

ಏಪ್ರಿಲ್. ಫ್ಯಾನ್ ಬಂದ್.
ಗಾಳಿ ಬಡದರ ಸುಳ್ಳು ಹೇಳತೈತಿ ತೂಕ.
ಉಸಿರು ಹಿಡದು, ಕಾಳಿಗೊಂದು ಕಾಳು, ಮದ್ದು.
ಮೂಗಿನ ತುದಿಗೆ ಬೆವರಹನಿ,
ಬೀಳವಲ್ದು.

ಬಾಗಲದಾಗ ಅನಸೂಯಾ:
"ಪಲ್ಯಾಕ್ಕ ಉಪ್ಪು ಹಾಕೂಮುಂದ
ಎಲ್ಲಿ ಹೋಗಿತ್ತರೀ ಈ ನಾಜೂಕ?"

ನಕ್ಕೆ.
ತಕ್ಕಡಿ ನಡುಗಿತು.
ಮತ್ತ ಸೊನ್ನಿಯಿಂದ.