ನಲವತ್ತೊಂದು ಬಾಂಡ್ಲಿ ಮಣ್ಣು

ಮಂಡ್ಯದ ಗುತ್ತಲು ರಸ್ತೆ, ನಮ್ಮ ಬೈಂಡಿಂಗ್ ಅಂಗಡಿಯ ಅಟ್ಟ.
ಭಾನುವಾರ ಸಂಜೆ ಐದಕ್ಕೆ ಅಲ್ಲಿ ರಾಜ್ಯಗಳು ಹುಟ್ಟುತ್ತವೆ.
ಗೋಂದಿನ ವಾಸನೆ, ಅರ್ಧ ಕತ್ತರಿಸಿದ ರಟ್ಟು,
ಇಪ್ಪತ್ತು ಮುಖದ ದಾಳ, ಇರುವುದು ಒಂದೇ.
ಅದು ಉರುಳಿ ಹಲಗೆಸಂದಿಗೆ ಬಿದ್ದರೆ
ಹಾವು ಹೆಡೆಯೆತ್ತಿ ಹಾಗೇ ಕಾಯಬೇಕು
ನಾವು ಕೆಳಗಿಳಿದು ಹುಡುಕಿ ತರುವ ತನಕ.

ಕಥೆ ನಡೆಸುವವಳು ನಾನು.
ಯಾರಾಗುತ್ತೀರಿ, ಎಂದೆ ಮೊದಲ ದಿನ.
ಸಾದಿಖ್ ಬೆಂಕಿ ಉಗುಳುವ ಅಂಗೈ ಬೇಡಿದ.
ಯಶಸ್ವಿನಿಗೆ ಅಮ್ಮ ನಮ್ಮಂಥವಳೇ, ಅಪ್ಪ ಮಾತ್ರ ಸಿಡಿಲು.
ಕಬ್ಬಿನ ಲಾರಿಗೆ ತೂಕದ ಚೀಟಿ ಬರೆಯುವ ಕೆಂಪರಾಜು
ಎದೆಯ ಮೇಲೆ ಸೂರ್ಯನ ಮಚ್ಚೆಯಿರುವ
ಕಳೆದುಹೋದ ರಾಜಕುಮಾರ.
ಜವರ ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತ.
'ಸೌಡಿ' ಎಂದು ಬರೆದ.
"ಅದು ನಿನ್ನ ಕೆಲಸ ಕಣೋ, ನಾಲೆ ಮೇಲೆ ದಿನಾ ಮಾಡೋದೇ."
"ಊಂ ಕನಕ್ಕ. ನಂಗೆ ಗೊತ್ತಿರಾದು ಅದೊಂದೆಯ."

ಬಲ ಒಂಬತ್ತು, ಬುದ್ಧಿ ಹತ್ತು, ಅದೃಷ್ಟ ಎಂಟು.
ಆಯುಧ: ತೂಬಿನ ಕೀಲಿ, ಒಂದು ಟಾರ್ಚು.
ಕಾಗದ ಉಳಿಯಲೆಂದು ನನ್ನ ನಕ್ಷೆಯ ಬೆನ್ನಿಗೇ ಬರೆದುಕೊಂಡ.
ಮೂವರೂ ನಕ್ಕರು. ನಾನೂ.

ನಕ್ಷೆಯಲ್ಲಿ ಕೋಟೆ, ಕೋಟೆಗೆ ಮೂರು ಹೆಡೆಯ ಹಾವು,
ಅಂದಕ್ಕೆಂದು ಪಕ್ಕದಲ್ಲಿ ನೀಲಿ ಬಳಿದ ಕೆರೆ.
"ತೂಬೆಲ್ಲದೆ ಅಕ್ಕ?"
ಇಲ್ಲ, ಎಂದೆ.
"ತೂಬಿಲ್ದೆ ಕೆರೆ ಕಟ್ಟೋರುಂಟಾ? ಕೋಡಿನೂ ಇಲ್ವಾ?"
ಬರೆದೆ. ತೂಬು ಬರೆದ ಮೇಲೆ ಕಾಲುವೆ,
ಕಾಲುವೆಯಾದ ಮೇಲೆ ಗದ್ದೆ, ಗದ್ದೆಗೊಂದು ಊರು.
ಹೆಸರು ಅವನೇ ಇಟ್ಟ: ಕಡೆಕೊಪ್ಪಲು,
ಎಲ್ಲರಿಗೂ ಆದ ಮೇಲೆ ನೀರು ಬರುವ ಊರು.
ನಾಟಿಗೆ ಬಗ್ಗಿದವರಿಗೂ ಹೆಸರು ಬೇಕಾಯಿತು,
ದ್ಯಾವಮ್ಮ, ಚಿಕ್ಕತಾಯಿ,
ಬದುವಿನ ಮೇಲೆ ಇನ್ನೂ ಹೆಸರಿಡದ ಒಂದು ಕೂಸು.
ನನ್ನ ಯುದ್ಧ ಒಂದು ಭಾನುವಾರ ತಡವಾಯಿತು.

ಆಮೇಲೆ ಆಗಬೇಕಾದ್ದೆಲ್ಲ ಆಯಿತು.
ಅಂಗೈ ಉರಿಯಿತು, ಸಿಡಿಲು ಬಿತ್ತು, ಮಚ್ಚೆ ಬೆಳಗಿತು,
ನಾನು ಮೊದಲೇ ಬರೆದಿಟ್ಟ ಸಾಲಿನಂತೆ ಹಾವು
ಬೆಟ್ಟ ಉರುಳಿದ ಹಾಗೆ ಕೆರೆಗೆ ಉರುಳಿತು.
ಚಪ್ಪಾಳೆ. ಕೆಂಪರಾಜು ಬೋಂಡಾಕ್ಕೆ ದುಡ್ಡು ತೆಗೆದ.
"ಏರಿ?" ಅಂದ ಜವರ.
ಯಾವ ಏರಿ?
"ಬೆಟ್ಟದಷ್ಟು ಹಾವು ಬಿದ್ರೆ ನೀರು ಸುಮ್ಕಿದ್ದದಾ?"

ಬಿರುಕು ಬಿಟ್ಟಿತು, ಎಂದೆ. ದಾಳ ಹಾಕು.
ಮೂರು.
"ಬಾಂಡ್ಲಿ ಮಣ್ಣಿಗೊಂದು ದಾಳ ಅಂತ ಮಡಿಕೊಳವ.
ಎಷ್ಟ್ ಬಾಂಡ್ಲಿ ಉಯ್ಬೌದು?"
ನಿಯಮದ ಪುಸ್ತಕ ತಿರುವಿದೆ.
ಕತ್ತಿಯ ಏಟಿಗೆ ಹದಿನಾಲ್ಕು ಪುಟ,
ಮಣ್ಣಿಗೆ ಒಂದು ಸಾಲೂ ಇಲ್ಲ.
ಕೈ ಸೋಲುವ ತನಕ, ಎಂದೆ.

ಏಳು. ಹನ್ನೊಂದು. ಎರಡು. ಮತ್ತೆ ಎರಡು.
ಉಳಿದವರು ಬೋಂಡಾ ತಿಂದು ಬಂದರು.
ಒಂಬತ್ತು. ನಾಲ್ಕು.
ಕೆಂಪರಾಜು ರಾಜ್ಯ ನಮಗೇ ಬಿಟ್ಟು
ಕೊನೆಯ ಬಸ್ಸಿಗೆ ಓಡಿದ.
ಇಪ್ಪತ್ತೊಂಬತ್ತನೆಯ ಬಾಂಡ್ಲಿಗೆ ಇಪ್ಪತ್ತು ಬಿತ್ತು.
ಸಾದಿಖ್ ಕೂಗಿ ಎದ್ದೇ ನಿಂತ.
ಜವರ ಆಗಲೇ ದಾಳ ಎತ್ತಿಕೊಂಡು
ಮೂವತ್ತನೆಯದಕ್ಕೆ ಬಾಗಿದ್ದ.

ನಲವತ್ತೊಂದಕ್ಕೆ ಕರೆಂಟು ಹೋಯಿತು.
ಏರಿ ನಿಂತಿತೋ ಇಲ್ಲವೋ ಅವನು ಕೇಳಲಿಲ್ಲ.
ನನಗೂ ಗೊತ್ತಿರಲಿಲ್ಲ.
"ಬೆಳಗ್ಗೆ ಐದಕ್ಕೆ ಗೇಟ್ ಎತ್ಬೇಕು" ಎಂದು
ಕತ್ತಲಲ್ಲೇ ಚಪ್ಪಲಿ ತಡವಿ ಇಳಿದುಹೋದ.

ನಿಜ ಹೇಳಲೇ, ನನಗೆ ಈಗಲೂ ಸೂರ್ಯನ ಮಚ್ಚೆಯೇ ಇಷ್ಟ.
ವಾರವಿಡೀ ರಸೀದಿ ಪುಸ್ತಕಕ್ಕೆ ನಂಬರು ಒತ್ತುವವಳಿಗೆ
ಸಿಡಿಲಿನ ಮಗಳು ಬೇಕು, ಬೇಡವೆನ್ನಲಾರೆ.
ಬಸ್ಸಿನ ಕಂಬಿಗೆ ಜೋತುಬಿದ್ದ ಕೆಂಪರಾಜು
ಒಮ್ಮೆಯಾದರೂ ಎದೆ ಮುಟ್ಟಿ ನೋಡಿಕೊಂಡಿರುತ್ತಾನೆ.
ಮುಟ್ಟಿಕೊಳ್ಳಲಿ.

ಆದರೆ ಹೊಸ ನಕ್ಷೆಗೆ ಕೂತರೆ ಈಗೀಗ
ಕೋಟೆಗೆ ಮೊದಲು ಕೈ ತೂಬಿಗೆ ಹೋಗುತ್ತದೆ,
ಕಥೆ ಶುರುವಾಗುವುದೇ ಇಲ್ಲ.
ಹಳೆಯದನ್ನು ಎಸೆದಿಲ್ಲ.
ಏರಿಯ ಮೇಲೆ ಯಾರದೋ ಬೋಂಡಾದ ಎಣ್ಣೆ ಇಳಿದಿದೆ.
ಕಿಟಕಿಗೆ ಹಿಡಿದರೆ ಅಷ್ಟು ಜಾಗದಲ್ಲಿ ಮಾತ್ರ
ಹಿಂಬದಿಯ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ:
ಅದೃಷ್ಟ ಎಂಟು, ಒಂದು ಟಾರ್ಚು.