ತೊಂಬತ್ತು ನಿಮಿಷ

ಹೊಸ ಯಂತ್ರ ಟೋಸ್ಟರಿಗಿಂತ ದೊಡ್ಡದಲ್ಲ.
ಸೋಲಾರ್ ಬ್ಯಾಟರಿಯ ಪಕ್ಕ, ಮಡಚಿದ ಕಂಬಳಿಯ ಮೇಲೆ
ಕೂರಿಸಿದ್ದೇವೆ. ಲೆಸೊಥೊದ ಬೆಟ್ಟದ ಚಳಿಗೆ
ಅದಕ್ಕೂ ಮುನಿಸು:
ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಕೆಂಪು ದೀಪ,
ಮಾತಿಲ್ಲ, ಕತೆಯಿಲ್ಲ.

ಅದನ್ನು ನಂಬುವುದಕ್ಕಲ್ಲ ನನಗೆ ಸಂಬಳ.
ಪ್ರತಿಯೊಬ್ಬರಿಂದ ಎರಡು ಕೊಳವೆ ರಕ್ತ:
ಒಂದು ಈ ಪೆಟ್ಟಿಗೆಗೆ,
ಇನ್ನೊಂದು ತ್ಲಾಲಿಯ ಕುದುರೆಯ ಮೇಲೆ
ಎರಡು ಕಣಿವೆ, ಒಂದು ಹೊಳೆ ದಾಟಿ,
ಅಲ್ಲಿಂದ ಜೀಪಿನಲ್ಲಿ ಮಸೇರುವಿನ ದೊಡ್ಡ ಲ್ಯಾಬಿಗೆ.
ಇದು ಹೇಳಿದ್ದನ್ನೇ ಅದೂ ಹೇಳಿತೇ?
ಎಷ್ಟು ಸಲ? ಎಷ್ಟು ಸಲ ಇಲ್ಲ?
ನಾಲ್ಕೇ ಮನೆಯ ಕೋಷ್ಟಕ;
ಊರಿಗೆ ಊರೇ ಅದರೊಳಗೆ ಒಕ್ಕಲು.

ಮಾತೆಬೊಹೊ ಬಂದಳು. ಅಂದರೆ ತೆಬೊಹೊನ ತಾಯಿ;
ಇಲ್ಲಿ ಹೆತ್ತವಳಿಗೆ ಚೊಚ್ಚಲ ಕೂಸಿನ ಹೆಸರೇ ಹೆಸರು.
ಹೋದ ವರ್ಷ ಅವಳ ವರದಿ ನಾಲ್ಕು ತಿಂಗಳಿಗೆ ಬಂತು.
ಅಷ್ಟರಲ್ಲಿ ಮದ್ದು ನಾಟುವುದು ನಿಂತಿತ್ತು,
ವೈರಸ್ಸು ಸಾವಿರ ದಾಟಿ, ಹತ್ತು ಸಾವಿರ ದಾಟಿ
ಮೈಯೊಳಗೆ ಸಂತೆ ನೆರೆದಿತ್ತು.
ಕಾಗದ ಮಾತ್ರ ಹೊಳೆಯಾಚೆ
ಹಿಮ ಕರಗಲೆಂದು ಕೂತಿತ್ತು.

ತೊಂಬತ್ತು ನಿಮಿಷ, ಅಂದೆ.
ಆದರೆ ಯಂತ್ರದ ಮಾತು ಯಾರಿಗೂ ಹೇಳುವಂತಿಲ್ಲ,
ದೊಡ್ಡ ಲ್ಯಾಬು ಹೂಂ ಅನ್ನುವವರೆಗೆ.
ಪರೀಕ್ಷೆ ಅದಕ್ಕಮ್ಮಾ, ನಿನಗಲ್ಲ.
ಸಹಿ ಹಾಕಿದ್ದಳು, ಗೊತ್ತಿತ್ತು. ಆದರೂ ಹೋಗಲಿಲ್ಲ.
ನಾಲ್ಕು ತಿಂಗಳು ಕಾಯಲು ಕಲಿತವಳಿಗೆ
ಒಂದೂವರೆ ಗಂಟೆ ಕಾಯಲು ಬರದು;
ಏಳುವಳು, ಕೂರುವಳು, ಪೆಟ್ಟಿಗೆಯನ್ನು
ಒಲೆಯ ಮೇಲಿನ ಹಾಲಿನಂತೆ ನೋಡುವಳು.
ನರ್ಸ್ ಲಿಕೆಲೆಲಿ ತನ್ನ ಮನೆಯ ಬಟಾಣಿ ತಂದು
ಸುಲಿಯಲು ಕೊಟ್ಟಳು.

ನಾಲ್ಕು ಸಾವಿರದ ಮುನ್ನೂರ ಹತ್ತು.
ಬರೆದುಕೊಂಡೆ. ಪುಸ್ತಕ ಮುಚ್ಚಿದೆ.
ಅವಳು ಬೋಗುಣಿ ತೋರಿಸಿದಳು: ಮುಗೀತು.
ನಾನು ಲಿಕೆಲೆಲಿಗೆ ಅಂದೆ,
ಇವಳ ಮಾತ್ರೆ ಇವತ್ತು ಇನ್ನೊಮ್ಮೆ ಎಣಿಸು,
ರಾತ್ರಿ ಯಾರ ಎದುರು ನುಂಗುತ್ತಾಳೆ ಕೇಳು.
ಬಾಯಿ ನಿಯಮ ಮುರಿಯಲಿಲ್ಲ.
ಮುಖದ ವಿಷಯ ನಮೂನೆಯಲ್ಲಿ ಕಾಲಂ ಇಲ್ಲ.

ಸಂಜೆ ತ್ಲಾಲಿ ಜೀನು ಬಿಗಿಯುತ್ತ ಕೇಳಿದ:
ನಿಮ್ಮ ಪೆಟ್ಟಿಗೆ ಗೆದ್ದರೆ ಇವಳಿಗೇನು ಕೆಲಸ?
ಕುದುರೆ ಕಿವಿ ನಿಮಿರಿಸಿತು.
ನಾನು ಐಸಿನ ಡಬ್ಬಿಯ ಮುಚ್ಚಳ ಎರಡು ಸಲ ಒತ್ತಿದೆ.
ಗೆಲ್ಲಲಿ ಬಿಡಿ, ಅಂದ, ಅವನೇ.

ನೂರಾ ಹನ್ನೆರಡನೇ ಕೊಳವೆ ಯಾರದೆಂದು
ನನಗೆ ಗೊತ್ತು, ಅವನಿಗೆ ಗೊತ್ತು.
ತೊಡೆಗೆ ಡಬ್ಬಿ ತಾಗಿಸಿಕೊಂಡು
ತನ್ನ ನೆತ್ತರನ್ನು ತಾನೇ ಹೊತ್ತು
ಹೊಳೆಗಿಳಿದ.